ಮಕ್ಕಳ ಕಾಡುಪ್ರಾಣಿ ಕರಪತ್ರ ಶಿಬಿರ: ಸೇರಿಸಿ, ಆದರೆ ಪುಸ್ತಕ ನೀವೇ ಕಳಿಸಿ

ಮೈಸೂರಿನಲ್ಲಿ ರಜೆ ಬಂದರೆ ಶಿಬಿರಗಳಿಗೇನೂ ಬರ ಇಲ್ಲ. ಇದೊಂದು ಮಾತ್ರ ಸ್ವಲ್ಪ ಬೇರೆ ಥರ. ಡ್ಯಾನ್ಸ್ ಇಲ್ಲ, ಕ್ರಾಫ್ಟ್ ಇಲ್ಲ. ಒಂದು ಕಾಡುಪ್ರಾಣಿ ಬಗ್ಗೆ ಮಕ್ಕಳು ಕರಪತ್ರ ಬರೀಬೇಕು, ಕತೆ ಕಟ್ಟುವಂತಿಲ್ಲ, ನಿಜವಾದ ಮಾಹಿತಿಯೇ ಇರಬೇಕು. ಎ4 ಹಾಳೆಯನ್ನು ಮೂರು ಭಾಗ ಮಾಡಿ ಮಡಿಸಿದರೆ ಆರು ಪುಟ ಆಗುತ್ತೆ, ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಬೇಕು. ಅಪ್ಪ ಅಮ್ಮಂದಿರು ಹಿಂದೆ ಕೂರಬಹುದು, ಬಾಯಿ ಹಾಕುವಂತಿಲ್ಲ. (ಇದು ನನಗೆ ಸ್ವಲ್ಪ ಕಷ್ಟವೇ ಆಯ್ತು.)

ಎಲ್ಲರಿಗೂ ಹುಲಿಯೇ ಬೇಕಿತ್ತು. ಮೇಡಂ ಹುಲಿಯನ್ನು ಪಟ್ಟಿಯಿಂದಲೇ ತೆಗೆದುಬಿಟ್ಟರು, ಒಳ್ಳೆಯ ಕೆಲಸ ಮಾಡಿದರು. ನಾಲ್ಕನೇ ಕ್ಲಾಸಿನ ನನ್ನ ಮಗಳಿಗೆ ಸಿಕ್ಕಿದ್ದು ಸೀಳುನಾಯಿ. ಮುಖ ಊದಿಸಿಕೊಂಡೇ "ಸೀಳುನಾಯಿ ತುಂಬಾ ಕ್ರೂರ ಪ್ರಾಣಿ" ಅಂತ ಶುರು ಮಾಡಿದಳು. ಮೇಡಂ ಅದನ್ನು ಹೊಡೆದುಹಾಕಲಿಲ್ಲ. "ಅದು ಏನು ಮಾಡುತ್ತೆ ಅಂತ ಬರಿ ಪುಟ್ಟ, ಕ್ರೂರನೋ ಅಲ್ವೋ ಓದೋರು ನೋಡ್ಕೋತಾರೆ" ಅಂದರು, ಅಷ್ಟೇ. ಪುಸ್ತಕ ತಡಕಾಡಿ ಅವಳು ಮತ್ತೆ ಬರೆದಳು: ಹಗಲು ಹೊತ್ತು ಗುಂಪಾಗಿ ಬೇಟೆ ಆಡುತ್ತವೆ, ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ, ಬೇಟೆ ಸಿಕ್ಕರೆ ಮರಿಗಳಿಗೆ ಮೊದಲು ತಿನ್ನಲು ಬಿಡುತ್ತವೆ. ಕೊನೆ ಪುಟದಲ್ಲಿ, ಒಂದು ಕಾಲಕ್ಕೆ ಇವನ್ನು ಕೊಂದರೆ ಬಹುಮಾನ ಕೊಡುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ರಕ್ಷಣೆ ಸಿಕ್ಕಿತು ಅಂತಲೂ ಸೇರಿಸಿದಳು. ಕ್ರೂರ ಅನ್ನೋದು ತಾನಾಗಿಯೇ ಬಿದ್ದುಹೋಗಿತ್ತು.

ಕರಡಿ ಸಿಕ್ಕಿದ್ದ ಹುಡುಗ "ಜೇನು ತಿನ್ನುತ್ತೆ" ಅಂತ ಬರೆದು ಕೈಕಟ್ಟಿ ಕೂತಿದ್ದ. ಮತ್ತೇನು ತಿನ್ನುತ್ತೆ, ಹೇಗೆ ತಿನ್ನುತ್ತೆ ಅಂತ ಕೆದಕಿದ ಮೇಲೆ ಗೆದ್ದಲಿನ ವಿಷಯ ಬಂತು. ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಗೆದ್ದಲನ್ನು ಸೊರ್ರನೆ ಒಳಗೆ ಎಳೆದುಕೊಳ್ಳುತ್ತೆ, ಅದಕ್ಕೆ ಅನುಕೂಲವಾಗುವ ಹಾಗೆ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲೇ ಇಲ್ಲ! ನನಗೂ ಗೊತ್ತಿರಲಿಲ್ಲ.

ಬರೆದ ಒಂದೊಂದು ವಿಷಯವೂ ಎರಡು ಕಡೆ ಸಿಗಬೇಕು ಅನ್ನೋ ನಿಯಮ ನನಗೆ ತುಂಬಾ ಹಿಡಿಸಿತು. ಒಬ್ಬಳು ನಾಗರಹೊಳೆಯಲ್ಲಿ ಸಿಂಹ ಇದೆ ಅಂತ ಬರೆದು "ಝೂನಲ್ಲಿ ನೋಡಿದ್ದೀನಿ ಮಿಸ್" ಅಂತ ವಾದಕ್ಕೇ ಇಳಿದಳು. ಎರಡು ಪುಸ್ತಕ ತಿರುವಿದ ಮೇಲೆ, ನಮ್ಮ ದೇಶದಲ್ಲಿ ಸಿಂಹಗಳು ಕಾಡಿನಲ್ಲಿ ಇರೋದು ಗುಜರಾತಿನ ಗಿರ್ ಕಡೆ ಮಾತ್ರ ಅಂತ ತಾನೇ ತಿದ್ದಿಕೊಂಡಳು.

ಇನ್ನು ತಕರಾರು. ಅಲ್ಲಿಟ್ಟಿದ್ದ ಪುಸ್ತಕಗಳಲ್ಲಿ ಮುಕ್ಕಾಲು ಭಾಗ ಇಂಗ್ಲಿಷಿನವು, ಅದರಲ್ಲೂ ಜಿರಾಫೆ, ಜೀಬ್ರಾಗಳೇ ಜಾಸ್ತಿ. ಕೆಂಜಳಿಲು ಸಿಕ್ಕಿದ ಮಗುವಿಗೆ ಒಂದೇ ಒಂದು ಪುಟ ಸಿಗಲಿಲ್ಲ, ಕೊನೆಗೆ ಮೇಡಂ ಫೋನಿನಲ್ಲಿ ಹುಡುಕಿಕೊಟ್ಟರು. ಬಣ್ಣ ಹಚ್ಚೋಕೆ ಸುಮ್ನೆ ಅರ್ಧ ದಿನ ಹೋಯ್ತು. ಕಲರ್ ಜೆರಾಕ್ಸಿಗೆ ಬೇರೆ ದುಡ್ಡು ಕೇಳಿದರು, ಅದನ್ನು ಫೀಸ್ ಕಟ್ಟಿಸಿಕೊಳ್ಳುವಾಗಲೇ ಹೇಳಬಹುದಿತ್ತು ಅಲ್ವಾ?

ಮೂರನೇ ಕ್ಲಾಸಿಗಿಂತ ಚಿಕ್ಕವರಿಗೆ ಬೇಡ, ಬರೆಯೋದೇ ಭಾರ ಆಗುತ್ತೆ. ದೊಡ್ಡವರನ್ನು ಕಳಿಸೋದಾದರೆ ಬ್ಯಾಚಿನಲ್ಲಿ ಎಷ್ಟು ಮಕ್ಕಳು ಅಂತ ಮೊದಲೇ ಕೇಳಿ, ಮನೆಯಲ್ಲಿರೋ ಕನ್ನಡದ ಪ್ರಾಣಿ ಪುಸ್ತಕ ಒಂದೆರಡು ಬ್ಯಾಗಿಗೆ ಹಾಕಿ ಕಳಿಸಿ.