ದುಡ್ಡು ಕಟ್ಟಿ ರಾಗಿ ಕೊಯ್ಯಲು ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಪುಕ್ಕಟೆ ಪ್ರವಾಸ ಅಲ್ಲ. ಬೇರೆ ದೇಶದಲ್ಲಿ ಯಾರದ್ದೋ ತೋಟದಲ್ಲೋ ಹಾಸ್ಟೆಲಿನಲ್ಲೋ ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ ಕೆಲಸ ಮಾಡಬೇಕು. ಅವರು ಊಟ ಹಾಕಿ ಮಲಗಲು ಜಾಗ ಕೊಡುತ್ತಾರೆ. ಸಂಬಳ ಇಲ್ಲ. ಹೀಗೆ ಜೋಡಿಸಿಕೊಡುವ ವೆಬ್‌ಸೈಟ್‌ಗಳು ಬೇಕಾದಷ್ಟು ಉಂಟು: ವರ್ಕ್‌ಅವೇ, ಹೆಲ್ಪ್‌ಎಕ್ಸ್, ವರ್ಲ್ಡ್‌ಪ್ಯಾಕರ್ಸ್. ಎಲ್ಲಕ್ಕಿಂತ ಹಳತು ವೂಫ್. ಲಂಡನ್‌ನಲ್ಲಿ ಸೆಕ್ರೆಟರಿಯಾಗಿದ್ದ ಸೂ ಕೊಪ್ಪಾರ್ಡ್ ಎಂಬವರು 1971ರಲ್ಲಿ ಶುರು ಮಾಡಿದ್ದು. ಪೇಟೆಯವರು ಶನಿವಾರ, ಭಾನುವಾರ ಸಾವಯವ ತೋಟಕ್ಕೆ ಹೋಗಿ ಕೆಲಸ ಮಾಡಲಿ ಅಂತ. ಅಷ್ಟೇ ಇದ್ದದ್ದು ಈಗ ಪ್ರಪಂಚವೆಲ್ಲ ಹಬ್ಬಿದೆ.

ನಾನು ಚಂದಾ ಕಟ್ಟಿದ್ದು ಇಂಥದ್ದೇ ಒಂದು ಸೈಟ್‌ಗೆ. ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಗುಳವೂ ಇದೆ. ಊರು ಕಾಪು, ಕೆಲಸ ಮಂಗಳೂರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ. ಅಕ್ಟೋಬರ್ 31ರ ತನಕ ನಮಗೆ ಉಸಿರಾಡಲು ಪುರುಸೊತ್ತಿಲ್ಲ, ನವೆಂಬರ್ ಬಂದರೆ ರಜೆ ಕೇಳಬಹುದು.

ಯಾರ ಮನೆ ಎಲ್ಲಿದೆ, ಎಂತ ಕೆಲಸ ಅಂತ ನೋಡುವುದಕ್ಕೆ ದುಡ್ಡು ಬೇಡ. ಅವರಿಗೆ ಮೆಸೇಜ್ ಕಳಿಸಬೇಕಾದರೆ ವರ್ಷದ ಚಂದಾ ಕಟ್ಟಬೇಕು, ಅದೂ ಡಾಲರಿನಲ್ಲಿ. ಅದರ ಮೇಲೆ ಕಾರ್ಡಿನ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಹಾಕುತ್ತದೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಆಡಿಟರ್ ಆಫೀಸಿನವಳಲ್ವಾ, ಇದೆಲ್ಲ ಮೊದಲು ಕಣ್ಣಿಗೆ ಬೀಳುತ್ತದೆ.

ದುಡ್ಡು ಕಟ್ಟುವಾಗ ಮಾವ ಪಕ್ಕದಲ್ಲೇ ಕೂತಿದ್ದರು. ಅವರು ಹುಡುಗನಾಗಿದ್ದಾಗ ಮುಂಬೈಗೆ ಹೋಗಿ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ, ತಟ್ಟೆ ತೊಳೆದವರು. ಊಟ ಅಲ್ಲೇ, ಸಂಜೆ ಕನ್ನಡ ರಾತ್ರಿ ಶಾಲೆ, ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ನಿದ್ದೆ. "ಸಂಬಳ ಇಲ್ಲದ ಕೆಲಸಕ್ಕೆ ನೀನೇ ದುಡ್ಡು ಕೊಟ್ಟು ಹೋಗುವುದಾ ಮಾರಾಯ್ತಿ? ನಮ್ಮ ಧಣಿಗೆ ಈ ಐಡಿಯಾ ಹೊಳೆಯಲೇ ಇಲ್ಲ ನೋಡು" ಅಂದರು. ಅಮ್ಮನಿಗೆ ನಗು ತಡೆಯಲಿಲ್ಲ.

ಈ ಸೈಟ್‌ಗಳ ಫೋಟೋ ನೋಡಿದರೆ ಇಟಲಿಯ ಆಲಿವ್ ತೋಟ, ನ್ಯೂಜಿಲೆಂಡಿನ ಕುರಿಹಿಂಡು ಎಲ್ಲ ಕೈಗೆ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ನಮ್ಮ ಪಾಸ್‌ಪೋರ್ಟ್ ಹಿಡಿದು ನೋಡಿದರೆ ಕಥೆಯೇ ಬೇರೆ. ನ್ಯೂಜಿಲೆಂಡಿನಲ್ಲಿ ಊಟ, ವಸತಿಗೆ ಬದಲಾಗಿ ಮಾಡುವ ಕೆಲಸವೂ ಕಾನೂನಿನ ಪ್ರಕಾರ ಉದ್ಯೋಗವೇ, ಪ್ರವಾಸಿ ವೀಸಾದಲ್ಲಿ ಮಾಡುವ ಹಾಗಿಲ್ಲ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ಸ್ವಯಂಸೇವೆ ಮಾಡಬಹುದು, ಆದರೆ ನೋಂದಣಿಯಾದ ಸೇವಾ ಸಂಸ್ಥೆಯಲ್ಲಿ ಮಾತ್ರ, ಹೆಚ್ಚೆಂದರೆ 30 ದಿನ. ಯಾರದ್ದೋ ಸ್ವಂತ ತೋಟ ಅದರಲ್ಲಿ ಬರುವುದಿಲ್ಲ. ಯೂರೋಪಿನ ಷೆಂಗೆನ್ ವೀಸಾದ ಅರ್ಜಿಗೇ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ. ಆಸ್ಟ್ರೇಲಿಯಾದವರು 2024ರಿಂದ ನಮಗೂ ವರ್ಕ್ ಅಂಡ್ ಹಾಲಿಡೇ ವೀಸಾ ಕೊಡುತ್ತಿದ್ದಾರೆ: 18ರಿಂದ 30ರ ವಯಸ್ಸಿನವರಿಗೆ, ವರ್ಷಕ್ಕೆ 1,000 ಜನಕ್ಕೆ, ಲಾಟರಿ ಎತ್ತಿ. ಆ ವಯಸ್ಸಿನವರು ಮನೆಯಲ್ಲಿದ್ದರೆ ಹೇಳಿ, ಅರ್ಜಿ ಹಾಕಲಿ. ನನ್ನದು ದಾಟಿತು.

"ಇಮಿಗ್ರೇಶನ್‌ನಲ್ಲಿ ಕೇಳಿದರೆ ಸುಮ್ನೆ ಟೂರಿಸ್ಟ್ ಅನ್ನಿ" ಅಂತ ಸಲಹೆ ಕೊಡುವವರು ತುಂಬಾ ಜನ. ಈ ಸಲಹೆ ಕೇಳಬೇಡಿ. ಒಮ್ಮೆ ಬಾಗಿಲಿನಿಂದಲೇ ವಾಪಸ್ ಕಳಿಸಿದರೆ ಮುಂದೆ ಪ್ರತಿ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಬರೆಯುತ್ತಾ ಕೂರಬೇಕು. ಉಳಿಯುವುದು ಹೋಟೆಲ್ ಬಾಡಿಗೆ, ಹೋಗುವುದು ಹತ್ತು ವರ್ಷದ ಪಾಸ್‌ಪೋರ್ಟಿನ ಮರ್ಯಾದೆ.

ಹಾಗಾಗಿ ನಾನು ಹೋದದ್ದು ನೇಪಾಳಕ್ಕೆ. ವೀಸಾ ಬೇಡ. 1950ರ ಭಾರತ-ನೇಪಾಳ ಒಪ್ಪಂದದಲ್ಲಿ ಎರಡು ದೇಶದವರೂ ಆಚೆ ಈಚೆ ಹೋಗಿ ಇರಲಿಕ್ಕೆ, ವ್ಯಾಪಾರ ಮಾಡಲಿಕ್ಕೆ ಅವಕಾಶ ಇದೆ. ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಗೋರಖ್‌ಪುರ, ಬಸ್ಸಿನಲ್ಲಿ ಸೋನೌಲಿ. ಅಲ್ಲಿ ಗಡಿಯನ್ನು ನಡೆದೇ ದಾಟಿ ಪೋಖರಾ ಬಸ್. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಓಟರ್ ಐಡಿ ಇಟ್ಟುಕೊಳ್ಳಿ, ಆಧಾರ್ ನಂಬಿ ಹೊರಡಬೇಡಿ. ನಮ್ಮ 100 ರೂಪಾಯಿಗೆ ಅವರ 160. ಪೇಟೆಯಲ್ಲಿ ಕ್ಯೂಆರ್ ಇರುವ ಎಷ್ಟೋ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಗುಡ್ಡದ ಮೇಲೆ ನೋಟೇ ಬೇಕು.

ಮನೆ ಪೋಖರಾದಿಂದ ಆಚೆ, ಬಸ್ ಇಳಿದ ಮೇಲೆ ಕಲ್ಲಿನ ಮೆಟ್ಟಿಲು, ಮತ್ತೆ ಮೆಟ್ಟಿಲು. ಅಜ್ಜಿ, ಸೊಸೆ, ಶಾಲೆಗೆ ಹೋಗುವ ಹುಡುಗ. ಸೊಸೆಯ ಗಂಡ ದೋಹಾದಲ್ಲಿ. ನನ್ನ ಅಣ್ಣ ದಮ್ಮಾಮ್‌ನಲ್ಲಿ ಅಂದೆ, ಅಲ್ಲಿಂದ ಮಾತು ಸಲೀಸಾಯಿತು. ರಜೆ ಎಷ್ಟು ತಿಂಗಳಿಗೊಮ್ಮೆ, ದುಡ್ಡು ಕಳಿಸಿದರೆ ಎಷ್ಟು ಕಡಿತ, ವಿಡಿಯೋ ಕಾಲ್ ಯಾವ ಆ್ಯಪ್‌ನಲ್ಲಿ ಬರುತ್ತದೆ. ಹಿಂದಿ ಆಕೆಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಗಂಡಸರೆಲ್ಲ ಕೊಲ್ಲಿಗೆ, ಮಲೇಶಿಯಾಕ್ಕೆ ಹೋಗಿ ಆ ಗುಡ್ಡದ ಎಷ್ಟೋ ಗದ್ದೆ ಪಾಳು ಬಿದ್ದಿದೆ. ಇವರು ಸೈಟಿನಲ್ಲಿ ಹೆಸರು ಹಾಕಿದ್ದೂ ಕೈ ಸಾಲದೇ. ಕಾಪು ಕಡೆಯ ಗದ್ದೆಗಳ ಕಥೆಯೂ ಅದೇ, ಆದರೆ ನಾವು ಯಾರನ್ನೂ ಕರೆಯಲಿಲ್ಲ, ಹುಲ್ಲು ಬೆಳೆಯಲು ಬಿಟ್ಟೆವು.

ನನಗೆ ಕೊಟ್ಟ ಕೆಲಸ ರಾಗಿ ಕೊಯ್ಲು. ಕರಾವಳಿಯವಳಿಗೆ ಭತ್ತ ಗೊತ್ತು, ರಾಗಿ ಎಲ್ಲಿ ಗೊತ್ತು? ಪೈರನ್ನು ಬುಡದಿಂದ ಕೊಯ್ಯುವುದಲ್ಲ. ಎಡಗೈಯಲ್ಲಿ ತೆನೆಯ ಕತ್ತು ಹಿಡಿದು ಕುಡುಗೋಲಿನಿಂದ ತೆನೆ ಮಾತ್ರ ಕತ್ತರಿಸಬೇಕು. ಹುಲ್ಲು ಆಮೇಲೆ ದನಕ್ಕೆ. ತೆನೆಯನ್ನು ರಾಶಿ ಹಾಕಿ ಮುಚ್ಚಿ, ಕೆಲವು ದಿನ ಬಿಟ್ಟು ಕೋಲಿನಿಂದ ಬಡಿಯುತ್ತಾರೆ. ಕೊಯ್ದದ್ದನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಬುಟ್ಟಿಯ ಪಟ್ಟಿ ಬರುವುದು ಹೆಗಲಿಗಲ್ಲ, ಹಣೆಗೆ. ಮೊದಲ ದಿನ ಅಜ್ಜಿ ನನ್ನ ಪಟ್ಟಿಯನ್ನು ಎರಡು ಬೆರಳಷ್ಟು ಹಿಂದೆ, ನೆತ್ತಿಯ ಕಡೆ ಸರಿಸಿ, ಗದ್ದ ಹಿಡಿದು ಕೆಳಗೆ ಬಗ್ಗಿಸಿದರು. ಅಷ್ಟಕ್ಕೇ ಭಾರ ಅರ್ಧ ಇಳಿದ ಹಾಗಾಯಿತು. ರಾತ್ರಿ ಕತ್ತು ತಿರುಗಿಸಲಿಕ್ಕೆ ಆಗುತ್ತಿರಲಿಲ್ಲ, ಅದು ಬೇರೆ ವಿಷಯ. ಅಜ್ಜಿ ಅದೇ ಬುಟ್ಟಿ ಹೊತ್ತು ಫೋನಿನಲ್ಲಿ ಮಾತಾಡುತ್ತಾ ಹತ್ತುತ್ತಿದ್ದರು.

ಊಟಕ್ಕೆ ಎರಡು ಹೊತ್ತು ದಾಲ್ ಭಾತ್, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ಕೆಲವು ರಾತ್ರಿ ಢೀಂಡೋ, ನಮ್ಮ ಘಟ್ಟದ ಮೇಲಿನವರ ಮುದ್ದೆಯೇ, ಸ್ವಲ್ಪ ಸಡಿಲ. ಮೀನು ಇಲ್ಲ, ಕುಚ್ಚಲಕ್ಕಿ ಇಲ್ಲ. ಗುಂದ್ರುಕ್ ಸಾರು ಮಾತ್ರ ಈಗಲೂ ನೆನಪಾಗುತ್ತದೆ. ಶೌಚಾಲಯ ಅಂಗಳದಾಚೆ, ಬಿಸಿ ನೀರು ಒಲೆಯದ್ದು. ಕೆಲಸ ಬೆಳಿಗ್ಗೆ ಮುಗಿಯುತ್ತಿತ್ತು. ಮಧ್ಯಾಹ್ನದ ಮೇಲೆ ನಾನಾಯಿತು, ಮೋಡ ಇಲ್ಲದ ದಿನ ಅನ್ನಪೂರ್ಣ ಹಿಮಪರ್ವತಗಳ ಸಾಲು ಆಯಿತು. ಈ ಮನೆಗೆ ನಾನು ಐದಕ್ಕೆ ಐದೂ ಕೊಡುತ್ತೇನೆ.

ಇನ್ನು ಎರಡನೆಯದ್ದು. ಪೋಖರಾದ ಕೆರೆ ಬದಿಯ ಒಂದು ಹಾಸ್ಟೆಲ್. ರಿಸೆಪ್ಶನ್‌ನಲ್ಲಿ ಐದು ಗಂಟೆ ಅಂತ ಬರೆದಿದ್ದರು. ಹೋದ ಮೇಲೆ ಹಾಸಿಗೆ ಬಟ್ಟೆ ಒಗೆದು ಮಡಚುವುದು, ತಡರಾತ್ರಿ ಬರುವವರಿಗೆ ಬಾಗಿಲು ತೆಗೆಯುವುದು ಎಲ್ಲ ಸೇರಿ ಎಂಟು ಗಂಟೆ ದಾಟಿತು. ಕೊಡುವುದು ಡಾರ್ಮಿಟರಿಯಲ್ಲಿ ಒಂದು ಮಂಚ ಮತ್ತು ಬೆಳಗಿನ ತಿಂಡಿ. ಆ ಮಂಚದ ಬಾಡಿಗೆ ಬೋರ್ಡಿನಲ್ಲೇ ಇತ್ತು, ನೇಪಾಳದ 800 ರೂಪಾಯಿ, ನಮ್ಮ 500. ಇಡೀ ದಿನ ದುಡಿದು 500 ರೂಪಾಯಿ! ನಮ್ಮೂರಲ್ಲಿ ಆ ಕೂಲಿಗೆ ಅಂಗಳದ ಹುಲ್ಲು ತೆಗೆಯಲಿಕ್ಕೂ ಜನ ಬರುವುದಿಲ್ಲ. ಅದಕ್ಕಿಂತ ಚುಚ್ಚಿದ್ದು ಬೇರೆ. ಅದು ಪೋಖರಾದ ಯಾವುದೋ ಹುಡುಗನಿಗೆ ಸಂಬಳದ ಕೆಲಸ ಆಗಬೇಕಿತ್ತು. ಮಾವನ ಧಣಿ ಕೈಗೆ ಅಷ್ಟೋ ಇಷ್ಟೋ ಕೊಡುತ್ತಿದ್ದರು, ಈ ಧಣಿ ಅದನ್ನೂ ಉಳಿಸಿಕೊಂಡ. ಮಾತಾಡಿ ನೋಡಿದೆ, ಆಗಲಿಲ್ಲ, ಬ್ಯಾಗ್ ತೆಗೆದುಕೊಂಡು ಹೊರಟೆ. ಸೈಟಿನವರಿಗೆ ಬರೆದದ್ದಕ್ಕೆ "ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ" ಅಂತ ಬಂತು. ಆ ಹಾಸ್ಟೆಲ್ ಈಗಲೂ ಪಟ್ಟಿಯಲ್ಲಿದೆ.

ಅಲ್ಲಿನ ರಿವ್ಯೂಗಳನ್ನು ಓದುವಾಗ ಒಂದು ವಿಷಯ ತಲೆಯಲ್ಲಿರಲಿ. ನಾವು ಅವರಿಗೆ ಬರೆದ ಹಾಗೆ ಅವರೂ ನಮಗೆ ಬರೆಯುತ್ತಾರೆ. ಮುಂದಿನ ಮನೆ ಸಿಗಬೇಕಾದರೆ ಅದು ಬೇಕು. ಹಾಗಾಗಿ ಎಲ್ಲರೂ ಸಿಹಿ ಮಾತು. "ಒಳ್ಳೆ ಜನ, ಸುಂದರ ಜಾಗ" ಎಂದಷ್ಟೇ ಬರೆದು ಕೆಲಸದ ಗಂಟೆಯ ಸುದ್ದಿಯೇ ಎತ್ತದಿದ್ದರೆ ನನಗೆ ಅನುಮಾನ. ಅಡುಗೆಯವರ ಹೆಸರು, ದನದ ಹೆಸರು ಬರೆದವರನ್ನು ನಂಬಬಹುದು. ಒಬ್ಬಳೇ ಹೋಗುವ ಹೆಂಗಸರು, ಹೆಂಗಸರೇ ಬರೆದದ್ದನ್ನು ಹುಡುಕಿ ಓದಿ. ಹೊರಡುವ ಮೊದಲು ಒಂದು ವಿಡಿಯೋ ಕಾಲ್ ಮಾಡಿ ಮಲಗುವ ಕೋಣೆ ತೋರಿಸಿ ಅನ್ನಿ. ಬೇಸರಪಟ್ಟರೆ ಪಟ್ಟುಕೊಳ್ಳಲಿ. ವಾಪಸ್ ಬರುವ ಖರ್ಚು, ಎರಡು ರಾತ್ರಿಯ ಲಾಡ್ಜ್ ದುಡ್ಡು ಬೇರೆಯೇ ಇಟ್ಟುಕೊಳ್ಳಿ. ಅದು ಕೈಯಲ್ಲಿ ಇದ್ದದ್ದಕ್ಕೇ ನಾನು ಆ ಹಾಸ್ಟೆಲ್ ಬಿಟ್ಟು ಎದ್ದು ಬಂದದ್ದು.

ಸೈಟ್‌ಗೆ ನನ್ನ ಅಂಕ ಐದಕ್ಕೆ ಮೂರು. ಮನೆ ಹುಡುಕಿಕೊಡುತ್ತದೆ, ಆಮೇಲೆ ಕೈ ತೊಳೆದುಕೊಳ್ಳುತ್ತದೆ. ಚಂದಾ ಮುಗಿಯಿತು, ನವೀಕರಿಸಿ ಅಂತ ಮೊನ್ನೆ ಮೇಲ್ ಬಂತು. ಈ ವರ್ಷ ಕಟ್ಟುವುದಿಲ್ಲ. ಗುಡ್ಡದ ಸೊಸೆಯ ನಂಬರ್ ಇದೆ, ನವೆಂಬರಿನಲ್ಲಿ ಬಾ ಅಂದಿದ್ದಾಳೆ, ಬರುವಾಗ ಗೇರುಬೀಜ ತಾ ಅಂತಲೂ ಅಂದಿದ್ದಾಳೆ.