ಕಾಲು ಒತ್ತುವ ಮಷೀನು: ಐದು ತಿಂಗಳು ಬಳಸಿದ ಮೇಲೆ

ಯಜಮಾನರು ಬೈಪಾಸ್ ಮಾಡಿಸಿಕೊಂಡು ಮೈಸೂರಿನಿಂದ ಮನೆಗೆ ಬಂದ ವಾರವೇ ನನ್ನ ಕಾಲಿನ ಕಾಟ ಜಾಸ್ತಿಯಾಯಿತು. ಅದು ನೋವಲ್ಲ. ಮಲಗಿ ಹತ್ತು ನಿಮಿಷವಾಗುವಷ್ಟರಲ್ಲಿ ಮೀನಖಂಡದೊಳಗೆ ಇರುವೆ ಸಾಲು ಹರಿದಂತೆ ಆಗುತ್ತದೆ, ಕಾಲು ಆಡಿಸದೆ ಇರಲು ಆಗುವುದೇ ಇಲ್ಲ. ಎದ್ದು ನಡೆದರೆ ನಿಲ್ಲುತ್ತದೆ, ಮಲಗಿದರೆ ಮತ್ತೆ ಶುರು. ರಾತ್ರಿ ಎರಡು ಗಂಟೆಗೆ ನಡುಮನೆಯಿಂದ ಅಡುಗೆಮನೆಗೆ ಓಡಾಡಿ, ಬೆಳಿಗ್ಗೆ ಒಂಬತ್ತನೇ ತರಗತಿಗೆ ಗಣಿತ ಹೇಳಲು ಹೋಗುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೆ ಮರೆತುಹೋಯಿತು. ಅದನ್ನು ಕೇಳಿ ಮಗಳು ಈ ಮಷೀನು ತರಿಸಿಕೊಟ್ಟಳು. ಬೆಲೆ 5,200 ರೂಪಾಯಿ.

ಎರಡು ಪಟ್ಟಿಗಳಿವೆ, ಮೀನಖಂಡಕ್ಕೆ ಸುತ್ತಿ ಅಂಟಿಸಿಕೊಳ್ಳಬೇಕು. ಒಳಗಿನ ಚೀಲಗಳಿಗೆ ಗಾಳಿ ತುಂಬಿ ಬಿಗಿಯುತ್ತದೆ, ಮತ್ತೆ ಸಡಿಲ ಬಿಡುತ್ತದೆ. ಕಾವು ಮೂರು ಹಂತ, ಎರಡನೆಯದೇ ಸಾಕು. ಹದಿನೈದು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಆ ಹದಿನೈದು ನಿಮಿಷ ನಿಜಕ್ಕೂ ಸುಖ, ಯಾರೋ ಕೂತು ಕಾಲು ಒತ್ತಿದ ಹಾಗೆ. ಆದರೆ ನಿಂತ ಅರ್ಧ ಗಂಟೆಗೆ ಇರುವೆಗಳು ವಾಪಸು. ಗಾಳಿ ತುಂಬುವ ಸದ್ದಿಗೆ ಯಜಮಾನರಿಗೆ ಎಚ್ಚರವಾಗುತ್ತಿತ್ತು, ಅದೇ ನನಗೆ ದೊಡ್ಡ ಸಂಕಟ.

ಎರಡು ತಿಂಗಳು ಹೀಗೇ ಕಳೆದು ಡಾಕ್ಟರ ಹತ್ತಿರ ಹೋದೆ. ಚಿಂತೆಯಿಂದಲೇ ಬಂದದ್ದು ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ರೆಸ್ಟ್‌ಲೆಸ್ ಲೆಗ್ಸ್ (ಕಾಲು ಆಡಿಸದೆ ಇರಲು ಬಿಡದ ಕಾಯಿಲೆ) ಎಂದು ಹೇಳಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 12.3, ಏನೂ ತೊಂದರೆ ಇಲ್ಲ. ಫೆರಿಟಿನ್ ಮಾತ್ರ 19. ಲ್ಯಾಬಿನ ಚೀಟಿಯಲ್ಲಿ ಅದೂ ನಾರ್ಮಲ್ ಅಂತಲೇ ಇತ್ತು! ಆದರೆ ಈ ತೊಂದರೆ ಇರುವವರಲ್ಲಿ ಅದು 75ರ ಮೇಲಿರಬೇಕು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾದರೆ ಹಿಮೋಗ್ಲೋಬಿನ್ ಸರಿಯಿದ್ದರೂ ಕಾಲು ಬಿಡುವುದಿಲ್ಲ ಎಂದರು. ದಿನ ಬಿಟ್ಟು ದಿನ ಕಬ್ಬಿಣದ ಮಾತ್ರೆ, ಖಾಲಿ ಹೊಟ್ಟೆಗೆ ನಿಂಬೆರಸದ ಜೊತೆ. ಆಸ್ಪತ್ರೆಯ ಓಡಾಟದಲ್ಲಿ ಸಂಜೆ ಮೂರು ಲೋಟಕ್ಕೆ ಏರಿದ್ದ ಕಾಫಿ ಬಂದ್. ನೆಗಡಿಗೆ ರಾತ್ರಿ ನುಂಗುತ್ತಿದ್ದ ನಿದ್ದೆ ಬರಿಸುವ ಮಾತ್ರೆಯೂ ಇದನ್ನು ಕೆರಳಿಸುತ್ತದಂತೆ. ಅದನ್ನು ಬಿಟ್ಟ ವಾರದಲ್ಲೇ ನನಗೆ ವ್ಯತ್ಯಾಸ ಗೊತ್ತಾಯಿತು.

ಮಾತ್ರೆಯ ಮೂರನೇ ತಿಂಗಳಲ್ಲಿದ್ದೇನೆ. ವಾರದಲ್ಲಿ ಐದು ರಾತ್ರಿ ನಾಲ್ಕೂವರೆವರೆಗೆ ಎಚ್ಚರವಿಲ್ಲದ ನಿದ್ದೆ. ಉಳಿದ ಎರಡು ರಾತ್ರಿಗೆ, ಮತ್ತೆ ಯಜಮಾನರ ಚೆಕಪ್ಪಿನ ಹಿಂದಿನ ದಿನಕ್ಕೆ, ಈ ಮಷೀನು ಬೇಕೇ ಬೇಕು.

ಹಾಗಾಗಿ ಐದಕ್ಕೆ ಮೂರು ನಕ್ಷತ್ರ. ದುಡ್ಡು ಹಾಕುವ ಮೊದಲು ದಯವಿಟ್ಟು ಫೆರಿಟಿನ್ ನೋಡಿಸಿ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ, ಹೆಚ್ಚಾದರೂ ಅಪಾಯವೇ. ಒಂದೇ ಕಾಲು ಊದಿಕೊಂಡಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರಿಗೆ ತೋರಿಸದೆ ಇದನ್ನು ಕಟ್ಟಿಕೊಳ್ಳಲೇಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರು ಕಾವಿನ ಗುಂಡಿ ಒತ್ತಬಾರದು, ಸುಟ್ಟರೂ ತಿಳಿಯುವುದಿಲ್ಲ. ಪಟ್ಟಿಯ ಬಟ್ಟೆ ತೊಳೆಯಲು ಬರುವುದಿಲ್ಲ, ಕಾಲಿಗೆ ಹಳೇ ಪಂಚೆ ಸುತ್ತಿಕೊಂಡು ಮೇಲೆ ಕಟ್ಟಿಕೊಳ್ಳಿ.