ಕಾರವಾರದ ಸೆಕೆಯಲ್ಲಿ ಮೀನಿಗೆ ‘ತಣ್ಣನೆಯ ಹೊಗೆ’ ಬೇಡ

ಹಾಳಾದ ಫ್ರಿಜ್‌ಗೆ ತೂತು ಕೊರೆದು ಮೀನಿಗೆ ‘ತಣ್ಣನೆಯ ಹೊಗೆ’ ಕೊಡುವ, ಅಂದರೆ ಬೇಯಿಸದೆ ಬಿಸಿಯಿಳಿದ ಹೊಗೆಯನ್ನಷ್ಟೇ ತಾಗಿಸುವ ವಿಡಿಯೊ ನೋಡಿ ಕೈ ತುರಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಮುಖ್ಯವಾಗಿ.

ನಮ್ಮ ಭಾವನವರು ಕಳೆದ ಅಕ್ಟೋಬರಿನಲ್ಲಿ ಇದನ್ನು ಮಾಡಿದರು. ಜಾಣತನಕ್ಕೇನೂ ಕೊರತೆಯಿರಲಿಲ್ಲ. ಎಣ್ಣೆ ಡಬ್ಬಿಯಲ್ಲಿ ಹೊಗೆಯಾಡುವ ಮರದ ಹೊಟ್ಟು, ಅಲ್ಲಿಂದ ಫ್ರಿಜ್‌ನ ತಳಕ್ಕೆ ಉದ್ದನೆಯ ಅಲ್ಯೂಮಿನಿಯಂ ಪೈಪು. ಅಷ್ಟು ದೂರ ಸಾಗುವಷ್ಟರಲ್ಲಿ ಹೊಗೆ ತಣ್ಣಗಾಗುತ್ತದೆ ಎಂಬುದು ಲೆಕ್ಕ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಿಂದ ತಂದ ಬಂಗಡೆಗಳನ್ನು ಉಪ್ಪುನೀರಿನಲ್ಲಿ ಅದ್ದಿ, ಬಾಲಕ್ಕೆ ದಾರ ಕಟ್ಟಿ ಬೆಳಿಗ್ಗೆಯಿಂದ ಸಂಜೆಯವರೆಗೆ ತೂಗುಹಾಕಿದರು.

ಬಾಗಿಲು ತೆಗೆದಾಗ ಬಣ್ಣವೇನೋ ಚೆನ್ನಾಗಿತ್ತು. ಆದರೆ ಫ್ರಿಜ್‌ನ ಒಳಮೇಲ್ಭಾಗ ಬೆವತು, ಕಂದು ಹನಿಗಳು ಮೀನಿನ ಬೆನ್ನ ಮೇಲೆ ತೊಟ್ಟಿಕ್ಕಿ ಗೆರೆ ಎಳೆದಿದ್ದವು. ಬೆರಳಿಗೆ ಅಂಟಿದ್ದು ಸೋಪಿಗೂ ಜಗ್ಗಲಿಲ್ಲ. ಸಾಮಿಲ್ಲಿನ ಆ ಹೊಟ್ಟಿನಲ್ಲಿ ಪ್ಲೈವುಡ್ ಪುಡಿಯೂ ಬೆರೆತಿತ್ತೆಂದು ಆಮೇಲೆ ತಿಳಿಯಿತು. ಪ್ಲೈವುಡ್ಡಿನ ಅಂಟು ಸುಟ್ಟ ಹೊಗೆ ಊಟಕ್ಕೆ ತಾಗಲೇಬಾರದು.

ಅಕ್ಕ ಅವುಗಳನ್ನು ರವೆ ಹಚ್ಚಿ ಹುರಿದಳು. ನಾಲಿಗೆಯ ಮೇಲೆ ಕಾಳುಮೆಣಸಿನಂಥ ಚುರುಚುರು, ಮಸಾಲೆಯದೆಂದುಕೊಂಡೆವು. ಗಂಟೆ ಕಳೆಯುವುದರೊಳಗೆ ನನ್ನ ಮುಖ, ಕುತ್ತಿಗೆ ಕೆಂಪೇರಿ ಉರಿಯತೊಡಗಿತು. ತಲೆ ಸಿಡಿತ, ಎದೆ ಡವಡವ. ಅಕ್ಕನ ಮಗನಿಗೆ ಮೈತುಂಬ ದದ್ದು, ಜೊತೆಗೆ ಭೇದಿ. ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಕೇಳಿದ್ದೇ ಯಾವ ಮೀನು, ಎಷ್ಟು ಹೊತ್ತು ಹೊರಗಿತ್ತು ಎಂದು.

ಬಂಗಡೆ, ತಾರಲೆ, ಟ್ಯೂನಾದಂಥ ಮೀನುಗಳನ್ನು ಸೆಕೆಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಇಂಥ ಉರಿ, ದದ್ದು ಎಬ್ಬಿಸುವ ಹಿಸ್ಟಮಿನ್ ಎಂಬ ವಸ್ತುವನ್ನು ಹುಟ್ಟಿಸುತ್ತವೆ. ಒಮ್ಮೆ ಹುಟ್ಟಿದ್ದು ಹುರಿದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮೀನು ನಾರದೆಯೂ ಇರಬಹುದು. ತಣ್ಣನೆಯ ಹೊಗೆಗೆ ಪೆಟ್ಟಿಗೆಯೊಳಗೆ 30 ಡಿಗ್ರಿಗಿಂತ ಕಡಿಮೆ ಇರಬೇಕು. ಅದು ಚಳಿದೇಶಗಳ ಪದ್ಧತಿ. ಅಲ್ಲಿಯೂ ಮೀನನ್ನು ಅಳತೆಯ ಉಪ್ಪಿನಲ್ಲಿ ಹದಮಾಡಿ, ಹೊಗೆಯಾದ ಮೇಲೆ ಫ್ರಿಜ್‌ನಲ್ಲಿಡುತ್ತಾರೆ. ಅಕ್ಟೋಬರಿನ ಮಧ್ಯಾಹ್ನ ನಮ್ಮ ಹಿತ್ತಿಲ ಗಾಳಿಯೇ ಆ 30 ಡಿಗ್ರಿಯನ್ನು ಮೀರುತ್ತದೆ. ಪೈಪು ಎಷ್ಟು ಉದ್ದವಿದ್ದರೂ ಹೊಗೆ ಹೊರಗಿನ ಗಾಳಿಗಿಂತ ತಣ್ಣಗಾಗುವುದು ಹೇಗೆ?

ಘಟ್ಟದ ಮೇಲೆ ಉಪ್ಪಾಗೆಯನ್ನು ಹೊಗೆಯಲ್ಲಿ ಒಣಗಿಸುವುದಿಲ್ಲವೇ ಎಂದು ಭಾವನವರು ಈಗಲೂ ವಾದಿಸುತ್ತಾರೆ. ಉಪ್ಪಾಗೆ ಹುಳಿಹಣ್ಣು, ಬೆಂಕಿಯ ಬಿಸಿಯಲ್ಲಿ ಒಣಗುವಂಥದ್ದು. ಹಸಿ ಬಂಗಡೆಗೂ ಅದಕ್ಕೂ ಏನು ಸಂಬಂಧ? ನಮ್ಮ ಒಣಮೀನು ಕೂಡ ಉಪ್ಪು ಸುರಿದು ಬಿಸಿಲಿನಲ್ಲಿ ನೀರಾರಿಸಿದ್ದು. ಇನ್ನು ಹೊಟ್ಟಿನ ಬದಲು ಗೇರುಸಿಪ್ಪೆ ಹಾಕೋಣ ಎನ್ನುವವರಿಗೆ: ಅದರ ಎಣ್ಣೆ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ, ಹೊಗೆಯೂ ಸೌಮ್ಯವಲ್ಲ.

ಹೊಗೆಯ ಘಮವೇ ಬೇಕಿದ್ದರೆ ತಾಜಾ ಮೀನನ್ನು ಪೂರ್ತಿ ಬೇಯಿಸಿ, ಪಾತ್ರೆಯೊಳಗೆ ಬಟ್ಟಲಿನಲ್ಲಿ ಕರಟದ ಕೆಂಡವಿಟ್ಟು, ತುಪ್ಪದ ಹನಿ ಬಿಟ್ಟು ಐದು ನಿಮಿಷ ಮುಚ್ಚಿ. ಕಿಟಕಿ ತೆರೆದಿರಲಿ. ಆಗಲೇ ತಿಂದು ಮುಗಿಸಿ.